ಅಡಿಗೆಮನೆಯ ನುಡಿಗಳು: ಕೂಳು, ಅನ್ನ, ಪ್ರಸಾದ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ಬರೆಯುವುದೇ ಕನ್ನಡ ಪಂಡಿತನಾದವನಿಗೆ ಸಹಜವೆಂದು ಮೊದಲು ತೋರಿತು. ಆದರೆ ಅಂದು ಮಧ್ಯಾಹ್ನ ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಮಕ್ಕಳ ನಡುವೆ ಕುಳಿತಿದ್ದಾಗ ಕಿವಿಗೆ ಬಿದ್ದ ಮಾತುಗಳು ಮನಸ್ಸನ್ನು ಬೇರೆಡೆಗೆ ಸೆಳೆದುವು. ಒಬ್ಬ ಹುಡುಗ ‘ಇನ್ನಷ್ಟು ಬಾನ ಹಾಕ್ರಿ’ ಎಂದು ಕೇಳಿದನು. ಪಕ್ಕದಲ್ಲಿದ್ದವನು ನಕ್ಕು, ‘ಬಾನ ಅಲ್ಲಲೇ, ರೈಸ್ ಅನ್ನು’ ಎಂದು ತಿದ್ದಿದನು. ಬಡಿಸುತ್ತಿದ್ದ ಹಿರಿಯರು ಇಬ್ಬರನ್ನೂ ತಿದ್ದಲಿಲ್ಲ. ‘ಪ್ರಸಾದ, ಪ್ರಸಾದ’ ಎನ್ನುತ್ತ ಇಬ್ಬರಿಗೂ ಸಮನಾಗಿ ಬಡಿಸಿ ಮುಂದೆ ಸಾಗಿದರು.

ಒಂದೇ ಪದಾರ್ಥ, ಅದಕ್ಕೆ ಮೂರು ಹೆಸರು. ಒಂದು ಹೆಸರಿನಲ್ಲಿ ಮನೆಯ ಬಳಕೆ, ಇನ್ನೊಂದರಲ್ಲಿ ಪೇಟೆಯ ಬೆಡಗು, ಮೂರನೆಯದರಲ್ಲಿ ಶರಣರ ಸಮದೃಷ್ಟಿ. ಮೊದಲಿನ ಹುಡುಗನ ಮುಖದಲ್ಲಿ ಮೂಡಿದ ನಾಚಿಕೆ ನನಗೆ ಹಳೆಯದೊಂದು ತಪ್ಪನ್ನು ನೆನಪಿಗೆ ತಂದಿತು. ಆ ತಪ್ಪು ನನ್ನದೇ ಆದುದರಿಂದ ಅದನ್ನು ಮುಚ್ಚಿಡದೆ ಹೇಳುವುದು ಯುಕ್ತ.

ಸುಮಾರು ಮೂವತ್ತು ವರ್ಷಗಳ ಹಿಂದೆ, ನಾನು ಅಧ್ಯಾಪಕ ವೃತ್ತಿಗೆ ಹೊಸಬನಾಗಿ ಬೇರೊಂದು ಊರಿನ ಶಾಲೆಯಲ್ಲಿದ್ದಾಗ, ‘ನಮ್ಮ ಮನೆ’ ಎಂಬ ವಿಷಯವಾಗಿ ಮಕ್ಕಳಿಂದ ಪ್ರಬಂಧವನ್ನು ಬರೆಯಿಸಿದೆನು. ‘ನಮ್ಮವ್ವ ಹೊಲದಿಂದ ಬಂದು ನಮಗೆಲ್ಲ ಕೂಳು ಬೇಯಿಸುತ್ತಾಳೆ’ ಎಂದು ಒಬ್ಬ ಬಾಲಕ ಬರೆದಿದ್ದನು. ನಾನು ಕೆಂಪು ಮಸಿಯಿಂದ ‘ಕೂಳು’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಭೋಜನ’ ಎಂದು ಬರೆದು, ‘ಇದು ಬೈಗುಳದ ಮಾತು, ಪ್ರಬಂಧದಲ್ಲಿ ಬರಕೂಡದು’ ಎಂದು ತರಗತಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆನು. ಮಕ್ಕಳೆಲ್ಲ ನಕ್ಕರು. ಆ ಬಾಲಕ ಆ ವರ್ಷವೆಲ್ಲ ಆಕಳು, ರೈಲುಪ್ರಯಾಣ, ರಾಷ್ಟ್ರೀಯ ಹಬ್ಬಗಳನ್ನು ಕುರಿತು ಬರೆದನೇ ಹೊರತು ತನ್ನ ಮನೆಯನ್ನು ಕುರಿತು ಮತ್ತೊಂದು ಸಾಲನ್ನೂ ಬರೆಯಲಿಲ್ಲ. ಭಾಷೆಯನ್ನು ತಿದ್ದಿದೆನೆಂದು ನಾನು ಭಾವಿಸಿದ್ದೆ. ವಾಸ್ತವವಾಗಿ ಒಬ್ಬ ತಾಯಿ ಬೇಯಿಸಿದ ಊಟವನ್ನು ಹೀಯಾಳಿಸಿದ್ದೆ.

ಈ ಲೇಖನದ ಅಭಿಪ್ರಾಯವಿಷ್ಟೇ: ಉಣಿಸಿನ ಹೆಸರನ್ನು ಕೀಳ್ಮಾಡುವುದು ಉಣ್ಣುವವನನ್ನು ಕೀಳ್ಮಾಡಿದಂತೆಯೇ ಸರಿ. ಆದುದರಿಂದ ಮಗುವು ಮನೆಯಿಂದ ತಂದ ಅಡಿಗೆಯ ಮಾತನ್ನು ಶಾಲೆಯು, ಅದರಲ್ಲಿಯೂ ದಾಸೋಹವನ್ನು ತತ್ತ್ವವಾಗಿ ಉಳ್ಳ ಮಠದ ಶಾಲೆಯು, ಹೊಡೆದುಹಾಕಲಾಗದು. ಇದನ್ನು ಭಾವುಕತೆಯಿಂದಲ್ಲ, ಶಬ್ದಶಾಸ್ತ್ರದ ಆಧಾರದಿಂದಲೇ ವಿವರಿಸಲು ಯತ್ನಿಸುತ್ತೇನೆ.

ಮೊದಲು ‘ಕೂಳು’ ಎಂಬ ಶಬ್ದವನ್ನೇ ಪರಿಶೀಲಿಸೋಣ. ಹಳಗನ್ನಡದಲ್ಲಿ ಇದರ ರೂಪ ‘ಕೂೞ್’. ಬೇಯಿಸಿದ ಅಕ್ಕಿ, ಊಟ, ಆಹಾರ ಎಂಬುವು ಇದರ ಅರ್ಥಗಳು. ಹೀನತೆಯ ಲೇಶವೂ ಅಲ್ಲಿಲ್ಲ. ಕಾಲಕ್ರಮದಲ್ಲಿ ೞಕಾರವು ಳಕಾರವಾಗಿ ‘ಕೂಳು’ ಎಂದಾಯಿತು. ತಮಿಳು ಮಲೆಯಾಳಗಳಲ್ಲಿ ಇದೇ ಶಬ್ದ ಮೂಲದ ೞಕಾರದೊಡನೆ ಇಂದಿಗೂ ಇದೆ. ತೆಲುಗಿನಲ್ಲಿ ೞಕಾರವು ಡಕಾರವಾಗುವ ನಿಯಮದಂತೆ, ನಮ್ಮ ‘ಏೞ್’ ಅಲ್ಲಿ ‘ಏಡು’ ಆದ ಹಾಗೆ, ನಮ್ಮ ‘ಕೂೞ್’ ಅಲ್ಲಿ ‘ಕೂಡು’ ಆಗಿದೆ. ನಾಲ್ಕು ಸೋದರಭಾಷೆಗಳಲ್ಲಿಯೂ ಹರಡಿರುವ ಈ ಶಬ್ದ ಕೇವಲ ಗ್ರಾಮ್ಯವಲ್ಲ. ಅತಿ ಪ್ರಾಚೀನವಾದ ದ್ರಾವಿಡ ಮೂಲದ್ದು.

ಅಷ್ಟೇ ಅಲ್ಲ. ತಮಿಳುನಾಡಿನಲ್ಲಿ ಆಡಿ ಮಾಸದಲ್ಲಿ ಅಮ್ಮನ ಗುಡಿಗಳ ಮುಂದೆ ಭಕ್ತರಿಗೆ ಹಂಚುವ ನೈವೇದ್ಯದ ಗಂಜಿಗೆ ಇರುವ ಹೆಸರು ಈ ‘ಕೂೞ್’ ಎಂಬುದೇ. ಆಂಧ್ರದಲ್ಲಿ ಮನುಷ್ಯನ ಮೂರು ಮೂಲಭೂತ ಅಗತ್ಯಗಳನ್ನು ಹೇಳುವಾಗ ‘ಕೂಡು, ಗುಡ್ಡ, ಗೂಡು’ ಎನ್ನುತ್ತಾರೆ. ಎಂದರೆ ಅನ್ನ, ಬಟ್ಟೆ, ಮನೆ. ಒಂದು ಕಡೆ ದೇವಿಯ ಮುಂದೆ ನಿಲ್ಲಬಲ್ಲ ಶಬ್ದ, ಇನ್ನೊಂದು ಕಡೆ ಬಡವನ ಹಕ್ಕನ್ನು ಸಾರುವ ಶಬ್ದ, ನಮ್ಮಲ್ಲಿ ಮಾತ್ರ ‘ಕೂಳಿಗೆ ದಂಡ, ಭೂಮಿಗೆ ಭಾರ’ ಎಂಬ ಬೈಗುಳದೊಳಗೆ ಸಿಕ್ಕಿಕೊಂಡಿದೆ. ವೈಯಾಕರಣರು ಇದನ್ನು ಹೀನಾರ್ಥಪ್ರಾಪ್ತಿ ಎನ್ನುತ್ತಾರೆ. ಶಬ್ದ ತಾನಾಗಿ ಹೀನವಾಗುವುದಿಲ್ಲ. ಓದುಬರೆಹ ಬಲ್ಲ ಮನೆಗಳಲ್ಲಿ ಅನ್ನ, ಭೋಜನ ಮೊದಲಾದ ತತ್ಸಮಗಳು ನೆಲೆಗೊಂಡುವು. ದುಡಿಯುವವರ ಮನೆಗಳಲ್ಲಿ ಕೂಳು ಉಳಿಯಿತು. ಆ ಮನೆಗಳಿಗೆ ಸಮಾಜ ಕೊಟ್ಟ ಬೆಲೆಯನ್ನೇ ಶಬ್ದಕ್ಕೂ ಕೊಟ್ಟಿತು.

ಇಲ್ಲಿ ಒಂದು ವಿನೋದವನ್ನು ಗಮನಿಸಬೇಕು. ರಾತ್ರಿ ಉಳಿದ ಅಡಿಗೆಯನ್ನು ನಾವೆಲ್ಲರೂ ‘ತಂಗಳು’ ಎಂದು ನಿಸ್ಸಂಕೋಚವಾಗಿ ಹೇಳುತ್ತೇವೆ. ತಣ್ ಎಂದರೆ ತಂಪು. ಅದರ ಮುಂದೆ ಇರುವುದು ಕೂೞ್. ತಣ್ಣಗಾದ ಕೂಳೇ ತಂಗಳು. ಹಾಗೆಯೇ ನಮ್ಮ ಪಂಕ್ತಿಯ ಹುಡುಗನಿಗೆ ನಾಚಿಕೆಯನ್ನು ತಂದ ‘ಬಾನ’ವನ್ನು ನೋಡಿರಿ. ಸಂಸ್ಕೃತದ ‘ಭೋಜನ’ವು ಪ್ರಾಕೃತದ ಮಾರ್ಗವಾಗಿ ಕನ್ನಡಕ್ಕೆ ಬಂದು ‘ಬೋನ’ ಎಂಬ ತದ್ಭವವಾಯಿತು. ಆಡುಮಾತಿನಲ್ಲಿ ಅದೇ ‘ಬಾನ’. ಅಂದು ನಾನು ಕೆಂಪು ಮಸಿಯಿಂದ ಬರೆದ ‘ಭೋಜನ’ ಮತ್ತು ಇಂದು ಈ ಹುಡುಗನು ಕೇಳಿದ ‘ಬಾನ’ ಒಂದೇ ಶಬ್ದದ ಎರಡು ರೂಪಗಳು. ಒಂದಕ್ಕೆ ಅಂಕ, ಇನ್ನೊಂದಕ್ಕೆ ನಗೆ! ಪಾಕಶಾಲೆ ಎಂಬರ್ಥದ ‘ಮಹಾನಸ’ವು ‘ಬಾಣಸ’ವಾಗಿ, ಅಡುವವನು ‘ಬಾಣಸಿಗ’ನಾದುದೂ ಇದೇ ಬಗೆಯ ತದ್ಭವಮಾರ್ಗದಿಂದ.

ಇನ್ನು ‘ಅನ್ನ’. ಇದು ‘ಅದ್’ ಎಂಬ ಧಾತುವಿನಿಂದ ಹುಟ್ಟಿದುದು. ತಿನ್ನಲ್ಪಡುವುದೆಲ್ಲ ಅನ್ನ. ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯಲ್ಲಿ ಅನ್ನವನ್ನು ನಿಂದಿಸಬಾರದೆಂಬ ವ್ರತವನ್ನು ವಿಧಿಸಿರುವಾಗ ಅಕ್ಕಿಯೊಂದನ್ನೇ ಉದ್ದೇಶಿಸಿಲ್ಲ. ಕನ್ನಡದಲ್ಲಿ ಈ ಶಬ್ದವು ಅರ್ಥಸಂಕೋಚವನ್ನು ಹೊಂದಿ, ಬೆಂದ ಅಕ್ಕಿ ಎಂಬಷ್ಟಕ್ಕೇ ನಿಂತಿತು. ಪರಿಣಾಮವೇನು? ವಿಜಯಪುರ ಕಲಬುರಗಿಗಳ ಕಡೆ ಜೋಳದ ರೊಟ್ಟಿಯನ್ನೂ, ತುಮಕೂರು ಕೋಲಾರಗಳ ಕಡೆ ರಾಗಿಯ ಮುದ್ದೆಯನ್ನೂ ತಲೆತಲಾಂತರದಿಂದ ಉಂಡು ಬದುಕಿದವರು, ‘ನಮಗೆ ಅನ್ನ ಹಬ್ಬಕ್ಕೆ ಮಾತ್ರ’ ಎಂದು ಹೇಳಬೇಕಾಯಿತು. ದಿನವೂ ಅನ್ನವನ್ನೇ ಉಣ್ಣುತ್ತಿದ್ದರೂ ಅವರು ಅನ್ನವಿಲ್ಲದವರಾದರು! ಶಬ್ದದ ಅರ್ಥ ಕುಗ್ಗಿದುದರಿಂದ ಮನುಷ್ಯನ ಆತ್ಮಗೌರವವೂ ಕುಗ್ಗಿತು.

ಜನಸಾಮಾನ್ಯರು ಮಾತ್ರ ತಮ್ಮ ಮಾತನ್ನು ಬಿಡಲಿಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ರಾಗಿಯ ಮುದ್ದೆಗೆ ‘ಹಿಟ್ಟು’ ಎಂದೇ ಹೆಸರು. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಎಂಬ ಗಾದೆಯನ್ನು ಕಟ್ಟಿದವರಿಗೆ ಹೊಟ್ಟೆ ತುಂಬಿಸುವುದು ಯಾವುದೆಂಬ ವಿಷಯದಲ್ಲಿ ಸಂದೇಹವೇ ಇರಲಿಲ್ಲ. ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಈ ದೃಷ್ಟಿಯಿಂದ ಮಕ್ಕಳಿಗೆ ಪಾಠ ಹೇಳಬೇಕು. ಅಲ್ಲಿ ಭತ್ತಕ್ಕೂ ರಾಗಿಗೂ ಶ್ರೀರಾಮನ ಮುಂದೆ ಹಿರಿತನದ ವಿವಾದ ನಡೆಯುತ್ತದೆ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಲಾಗಿ ಭತ್ತ ಸೊರಗುತ್ತದೆ, ರಾಗಿ ಕೆಡದೆ ಉಳಿಯುತ್ತದೆ. ಆಗ ರಾಮನು ತನ್ನ ‘ರಾಘವ’ ಎಂಬ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ರಾಘವ ಎಂಬುದರಿಂದ ರಾಗಿ ಬಂದಿತೆನ್ನುವುದು ಕವಿಯ ನಿರುಕ್ತಿಯೇ ಹೊರತು ಶಬ್ದಶಾಸ್ತ್ರದ ನಿರ್ಣಯವಲ್ಲ. ರಾಗ ಎಂದರೆ ಕೆಂಪು, ಕೆಂಪು ಧಾನ್ಯವಾದುದರಿಂದ ರಾಗಿ ಎನ್ನುವವರೂ ಉಂಟು. ಅದೇನೇ ಇರಲಿ, ಬಡವರ ಧಾನ್ಯಕ್ಕೆ ದೇವರ ಹೆಸರನ್ನು ಕೊಟ್ಟ ಕವಿಯ ಆಶಯ ಸ್ಪಷ್ಟವಾಗಿದೆ. ಶಬ್ದವನ್ನು ಎತ್ತಿದರೆ ಉಣ್ಣುವವರನ್ನು ಎತ್ತಿದಂತಾಗುತ್ತದೆ ಎಂಬುದನ್ನು ಅವರು ಬಲ್ಲರು.

ಇಲ್ಲಿ ಇಬ್ಬರು ವಾದಿಗಳು ಎದುರು ನಿಲ್ಲಬಹುದು. ತತ್ಸಮಗಳೇ ಶಿಷ್ಟ, ಉಳಿದುವೆಲ್ಲ ಗ್ರಾಮ್ಯ ಎನ್ನುವವರು ಒಬ್ಬರು; ಅಚ್ಚಗನ್ನಡವೊಂದೇ ಸಾಕು, ಪರಭಾಷೆಯ ಶಬ್ದಗಳನ್ನೆಲ್ಲ ಹೊರಗೆ ಹಾಕಿರಿ ಎನ್ನುವವರು ಇನ್ನೊಬ್ಬರು. ಇಬ್ಬರೂ ಒಂದು ದಿನ ಅಡಿಗೆಮನೆಗೆ ಬಂದು ನೋಡಬೇಕೆಂಬುದು ನನ್ನ ವಿನಂತಿ. ‘ಅಡಿಗೆ’ ಎಂಬುದು ‘ಅಡು’ ಎಂಬ ಕನ್ನಡ ಧಾತುವಿನಿಂದ, ‘ಊಟ’ವು ‘ಉಣ್’ ಎಂಬುದರಿಂದ, ‘ತಿಂಡಿ’ ‘ತಿನಿಸು’ಗಳು ‘ತಿನ್’ ಎಂಬುದರಿಂದ ಬಂದುವು. ‘ಜೀರಿಗೆ’ಯು ಸಂಸ್ಕೃತದ ‘ಜೀರಕ’. ‘ಸಕ್ಕರೆ’ಯು ‘ಶರ್ಕರಾ’ ಎಂಬುದರ ತದ್ಭವ. ಹೋಳಿಗೆಯೊಳಗಿನ ‘ಹೂರಣ’ವು, ಪಾಲು ಹಾಲಾದ ಹಾಗೆ ಪಕಾರ ಹಕಾರವಾದ ‘ಪೂರಣ’. ‘ನಾಷ್ಟಾ’ ಪಾರಸಿಯದು, ‘ಚಟ್ನಿ’ಯು ನೆಕ್ಕು ಎಂಬರ್ಥದ ಹಿಂದಿಯ ಧಾತುವಿನದು, ‘ಬಟಾಟೆ’ ‘ಪೇರಲ’ಗಳು ಪೋರ್ಚುಗೀಸರೊಡನೆ ಬಂದುವು, ‘ಪರಂಗಿ ಹಣ್ಣು’ ತಾನು ಫರಂಗಿಯವರೊಡನೆ ಬಂದೆನೆಂದು ಹೆಸರಿನಲ್ಲೇ ಹೇಳಿಕೊಳ್ಳುತ್ತದೆ. ‘ಕಾಫಿ’ಯು ಅರಬ್ಬಿಯ ‘ಕಹವಾ’, ‘ಚಹಾ’ ಚೀನದ ‘ಚಾ’. ಮನುಷ್ಯರು ಸಹಪಂಕ್ತಿಯಲ್ಲಿ ಕುಳಿತು ಉಣ್ಣಲು ಹಿಂಜರಿಯುತ್ತಿದ್ದ ಕಾಲದಲ್ಲಿಯೂ ನಮ್ಮ ಅಡಿಗೆಮನೆಯಲ್ಲಿ ಶಬ್ದಗಳು ಸಹಪಂಕ್ತಿಯಲ್ಲಿಯೇ ಇದ್ದುವು.

ಅರ್ಥವಿಸ್ತಾರಕ್ಕೂ ಇಲ್ಲಿ ಒಳ್ಳೆಯ ನಿದರ್ಶನಗಳಿವೆ. ಎಳ್ಳು ಮತ್ತು ನೆಯ್ ಎಂಬೆರಡು ಸೇರಿ ‘ಎಣ್ಣೆ’ ಆಯಿತು. ನೆಯ್ ಎಂದರೆ ಜಿಡ್ಡು, ತುಪ್ಪ. ಮೊದಲಿಗೆ ಎಳ್ಳಿನದು ಮಾತ್ರ ಎಣ್ಣೆ. ಸಂಸ್ಕೃತದಲ್ಲಿ ತಿಲದಿಂದ ‘ತೈಲ’ ಬಂದ ಕ್ರಮವೂ ಇದೇ. ಈಗ ತೆಂಗಿನದೂ ಎಣ್ಣೆ, ಶೇಂಗಾದ್ದೂ ಎಣ್ಣೆ, ದೀಪಕ್ಕೆ ಹಾಕುವ ಸೀಮೆಎಣ್ಣೆಯೂ ಎಣ್ಣೆ. ಉಪವಾಸದ ದಿನ ಹಣ್ಣನ್ನು ಮಾತ್ರ ಸೇವಿಸುವುದು ‘ಫಲಾಹಾರ’. ಹೋಟೆಲಿನ ಹಲಗೆಯ ಮೇಲಿನ ‘ಫಲಾಹಾರ ಮಂದಿರ’ದೊಳಗೆ ಹೋದರೆ ಹಣ್ಣೊಂದನ್ನು ಬಿಟ್ಟು ಉಳಿದೆಲ್ಲವೂ ದೊರೆಯುತ್ತದೆ.

ಅಧ್ಯಾಪಕ ಮಿತ್ರರು ಎಚ್ಚರ ವಹಿಸಬೇಕಾದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಳೆಯ ಕೃತಿಗಳಲ್ಲಿ ‘ಮೆಣಸು’ ಎಂದು ಬಂದರೆ ಅದು ಬಳ್ಳಿಯ ಕರಿಯ ಮೆಣಸು. ಇಂದಿನ ಮೆಣಸಿನಕಾಯಿಯು ಅಮೆರಿಕಾ ಖಂಡದ ಬೆಳೆ. ೧೬ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂದು, ಖಾರದ ಸಾಮ್ಯದಿಂದ ಹಳೆಯ ಹೆಸರನ್ನೇ ಪಡೆಯಿತು. ಬಟಾಟೆ, ಟೊಮೇಟೊ, ಶೇಂಗಾಗಳೂ ಆ ಖಂಡದವೇ. ಬಸವಣ್ಣನವರ ಮಹಾಮನೆಯ ದಾಸೋಹವನ್ನು ವರ್ಣಿಸುವ ನಾಟಕದಲ್ಲಿ ಮಕ್ಕಳು ಮೆಣಸಿನಕಾಯಿಯ ಒಗ್ಗರಣೆಯನ್ನು ಹಾಕಿಸಿದರೆ ಅದು ಕಾಲದೋಷವಾಗುತ್ತದೆ. ಇಂಥ ವಿವರಗಳಿಂದ ಚರಿತ್ರೆಯ ಪಾಠಕ್ಕೆ ಜೀವ ಬರುತ್ತದೆ.

ಪಾಕದ ವಿಷಯ ಪಂಡಿತರಿಗೆ ತಕ್ಕುದಲ್ಲವೆಂಬ ಆಕ್ಷೇಪವೂ ನಿಲ್ಲಲಾರದು. ೧೦ನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರಿದೆ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವು ಮಳೆ, ಬಾವಿ, ವೃಕ್ಷ, ವೈದ್ಯಗಳೊಡನೆ ಸೂಪಶಾಸ್ತ್ರಕ್ಕೂ ಸ್ಥಾನವಿತ್ತಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಭಾಗವೇ ಇದ್ದು, ಇಡ್ಡಲಿ, ದೋಸೆ, ಮಂಡಿಗೆಗಳ ಪೂರ್ವರೂಪಗಳು ಅಲ್ಲಿ ಕಾಣುತ್ತವೆ. ೧೬ನೆಯ ಶತಮಾನದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದನು. ಚಕ್ರವರ್ತಿಗೂ ಕವಿಗೂ ಹೀನವೆಂದು ತೋರದ ವಿಷಯ ನಮಗೆ ಹೀನವಾಗಬೇಕಾದ ಕಾರಣವಿಲ್ಲ.

ಆದರೆ ಆ ಗ್ರಂಥಗಳಲ್ಲಿ ಹಲವು ಅರಮನೆಯ, ಇಲ್ಲವೆ ಉಳ್ಳವರ ಅಡಿಗೆಯನ್ನು ಕುರಿತವು. ದುಡಿಯುವವನ ತಟ್ಟೆಗೆ ಮಾನವನ್ನು ತಂದುಕೊಟ್ಟವರು ಶರಣರು. ದಾಸೋಹ ಎಂಬ ಶಬ್ದವನ್ನು ಬಿಡಿಸಿದರೆ ‘ದಾಸಃ ಅಹಮ್’, ‘ನಾನು ದಾಸನು’ ಎಂದಾಗುತ್ತದೆ. ಇದರಲ್ಲಿ ಅನ್ನದ ಹೆಸರೂ ಇಲ್ಲ, ದಾನದ ಹೆಸರೂ ಇಲ್ಲ. ನೀಡುವವನು ತನ್ನನ್ನು ಏನೆಂದು ತಿಳಿಯಬೇಕೆಂಬುದಷ್ಟೇ ಇದೆ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನ ತಲೆ ಬಾಗಿರುತ್ತದೆ. ಈ ಶಬ್ದದ ಬಲವನ್ನು ಸರ್ಕಾರವೂ ಗುರುತಿಸಿದುದರಿಂದಲೇ ೨೦೦೨ರಲ್ಲಿ ಆರಂಭವಾದ ಶಾಲಾ ಮಕ್ಕಳ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರಾಯಿತು.

‘ಪ್ರಸಾದ’ವೆಂದರೆ ಮೂಲದಲ್ಲಿ ತಿಳಿತನ, ಪ್ರಸನ್ನತೆ, ಅನುಗ್ರಹ. ಕಾವ್ಯದ ಪ್ರಸಾದಗುಣವೆನ್ನುವಾಗ ನಾವು ಹೇಳುವುದು ಈ ತಿಳಿತನವನ್ನೇ. ಇದರ ತದ್ಭವ ‘ಹಸಾದ’. ಹಿರಿಯರ ಅಪ್ಪಣೆಯನ್ನು ತಲೆಯಲ್ಲಿ ಹೊತ್ತು ಒಪ್ಪಿಕೊಳ್ಳುವಾಗ ಹಿಂದೆ ಹೇಳುತ್ತಿದ್ದ ಮಾತು. ಅಷ್ಟಾವರಣಗಳಲ್ಲಿ ಪ್ರಸಾದವೊಂದು; ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಜೋಳವಾಗಲಿ ರಾಗಿಯಾಗಲಿ ಅಕ್ಕಿಯಾಗಲಿ, ಅರ್ಪಿತವಾದ ಮೇಲೆ ಎಲ್ಲವೂ ಪ್ರಸಾದ. ಧಾನ್ಯದ ಜಾತಿ ಅಲ್ಲಿಗೆ ಮುಗಿಯಿತು. ಚೋಳರಾಜನ ಮೃಷ್ಟಾನ್ನವನ್ನು ಬಿಟ್ಟು ಶಿವನು ಮಾದಾರ ಚೆನ್ನಯ್ಯನ ಅಂಬಲಿಯನ್ನು ಸವಿದನೆಂಬ ಕಥೆ ನಮ್ಮ ಪರಂಪರೆಯಲ್ಲಿ ಬೆಳೆದುಬಂದಿದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರಹೇಳಿದರೆಂಬ ಕಥೆಯೂ ಹಾಗೆಯೇ. ಒಬ್ಬರ ಹೆಸರಿನ ಜೊತೆಗೆ ಅಂಬಲಿ, ಇನ್ನೊಬ್ಬರ ಹೆಸರಿನೊಳಗೇ ಅಕ್ಕಿ. ಈ ಕಥೆಗಳನ್ನು ಜಯಂತಿಯ ದಿನ ಭಕ್ತಿಯಿಂದ ಹೇಳುವ ನಾವು, ಮರುದಿನ ‘ಬೆಳಗ್ಗೆ ಅಂಬಲಿ ಕುಡಿದು ಬಂದೆ’ ಎನ್ನುವ ಮಗುವನ್ನು ಇತರರು ನಗುವಾಗ ಸುಮ್ಮನಿದ್ದರೆ, ಆ ಭಕ್ತಿ ಬಾಯಿಮಾತಿನದಾಗುತ್ತದೆ.

ಶಬ್ದದ ಬೆಲೆ ನಮ್ಮ ಕಣ್ಣ ಮುಂದೆಯೇ ಹೇಗೆ ಬದಲಾಗುತ್ತದೆಂಬುದಕ್ಕೆ ಇತ್ತೀಚಿನ ನಿದರ್ಶನವೊಂದಿದೆ. ನವಣೆ, ಸಾಮೆ, ಹಾರಕ, ಸಜ್ಜೆ ಮೊದಲಾದುವನ್ನು ಪುಸ್ತಕಗಳು ‘ತೃಣಧಾನ್ಯ’, ‘ಕಿರುಧಾನ್ಯ’ ಎನ್ನುತ್ತಿದ್ದುವು. ತೃಣವೆಂದರೆ ಹುಲ್ಲು. ಈಗ ಅವೇ ಧಾನ್ಯಗಳು ‘ಸಿರಿಧಾನ್ಯ’ವಾಗಿವೆ. ವಿಶ್ವಸಂಸ್ಥೆಯು ೨೦೨೩ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಉತ್ತಮಾರ್ಥಪ್ರಾಪ್ತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ, ನನಗೂ ಸಂತೋಷವೇ. ಆದರೆ ಒಂದು ಕೊರಗು ಉಳಿಯುತ್ತದೆ. ಬಡವನು ಉಣ್ಣುವವರೆಗೆ ಹುಲ್ಲು, ಉಳ್ಳವನು ಉಣ್ಣತೊಡಗಿದ ಮೇಲೆ ಸಿರಿ ಎಂದಾದರೆ, ನಾವು ಧಾನ್ಯವನ್ನು ಗೌರವಿಸಿದಂತಾಯಿತೇ ಹೊರತು ಅದನ್ನು ಅಷ್ಟು ಕಾಲ ಬಿತ್ತಿ ಬೆಳೆದು ಕಾಪಾಡಿದವರನ್ನಲ್ಲ.

ಹಾಗಾದರೆ ಮಕ್ಕಳಿಗೆ ಗ್ರಾಂಥಿಕ ಭಾಷೆಯನ್ನು ಕಲಿಸಬಾರದೇ ಎಂದು ಕೇಳಬಹುದು. ಖಂಡಿತವಾಗಿ ಕಲಿಸಬೇಕು, ಅದು ನನ್ನ ಕಾಯಕ. ಭೋಜನ, ಆಹಾರ, ಉಪಾಹಾರಗಳನ್ನು ಅರಿಯದ ಮಗು ಪರೀಕ್ಷೆಯಲ್ಲಿಯೂ ಲೋಕದಲ್ಲಿಯೂ ಹಿಂದೆ ಬೀಳುತ್ತದೆ. ಕಲಿಸುವುದು ಬೇರೆ, ಅಳಿಸುವುದು ಬೇರೆ. ಹೊಸ ಶಬ್ದವು ಹಳೆಯದರ ಪಕ್ಕದಲ್ಲಿ ಕುಳಿತುಕೊಳ್ಳಲಿ, ಹಳೆಯದನ್ನು ಎಬ್ಬಿಸಿ ಅದರ ಮಣೆಯ ಮೇಲೆ ಕುಳಿತುಕೊಳ್ಳುವುದು ಬೇಡ.

ಈ ಹಿನ್ನೆಲೆಯಲ್ಲಿ ಮೂರು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಮೊದಲನೆಯದು ಅಧ್ಯಾಪಕ ಬಂಧುಗಳಿಗೆ: ಮಗುವಿನ ಮನೆಮಾತನ್ನು ಕಂಡಾಗ ಗೆರೆ ಎಳೆಯದೆ, ಅಂಚಿನಲ್ಲಿ ಗ್ರಾಂಥಿಕ ರೂಪವನ್ನು ಬರೆದು, ಎರಡರ ಸಂಬಂಧವನ್ನು ತಿಳಿಸಿರಿ. ಎರಡನೆಯದೂ ಶಾಲೆಗೇ ಸೇರಿದುದು: ಎಂಟನೆಯ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ರಜೆಯಲ್ಲಿ ತನ್ನ ಅಜ್ಜಿಯ ಬಾಯಿಂದ ಅಡಿಗೆಯ ಇಪ್ಪತ್ತು ಮಾತುಗಳನ್ನು ಕೇಳಿ ಬರೆದು ತರಲಿ. ಕುಟ್ಟುವುದು, ಬೀಸುವುದು, ಕೇರುವುದು, ಒರಳು, ಒನಕೆ, ಮೊರ, ಜರಡಿ, ನುಚ್ಚು, ತೌಡು, ಗಟಕ, ಇವೆಲ್ಲ ಗಿರಣಿ ಬಂದ ಮೇಲೆ ಒಂದೊಂದಾಗಿ ಮರೆಯಾಗುತ್ತಿವೆ. ಕಿಟ್ಟೆಲರು ವಿದೇಶದಿಂದ ಬಂದು ಜೀವಮಾನವೆಲ್ಲ ಶಬ್ದಗಳನ್ನು ಕೂಡಿಸಿ ೧೮೯೪ರಲ್ಲಿ ನಿಘಂಟನ್ನು ಕೊಟ್ಟರು. ನಾವು ನಮ್ಮ ಅಜ್ಜಿಯರ ಬಳಿ ಒಂದು ಸಂಜೆ ಕುಳಿತುಕೊಳ್ಳಲಾರೆವೇ?

ಮೂರನೆಯದು ಹಿರಿಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಸಂಬಂಧಿಸಿದುದು. ತಮ್ಮ ಔದಾರ್ಯದಿಂದ ಕೊಠಡಿಗಳೂ ಪಾತ್ರೆಪರಿಕರಗಳೂ ಬಂದಿವೆ. ಸಂಸ್ಥೆ ಅದಕ್ಕೆ ಋಣಿಯಾಗಿದೆ. ಮಕ್ಕಳು ತರುವ ಶಬ್ದಗಳನ್ನು ವರ್ಷಕ್ಕೊಂದು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಲು ಅಲ್ಪಸ್ವಲ್ಪ ನೆರವಿತ್ತರೆ ಅದೂ ದಾಸೋಹವೇ. ಜೊತೆಗೆ ಇನ್ನೊಂದು ಬಿನ್ನಹ: ನಮ್ಮ ಮಠಗಳ ವಿದ್ಯಾರ್ಥಿಗೃಹಗಳಿಗೆ ಹಿರಿಯರು ಇಟ್ಟ ‘ಉಚಿತ ಪ್ರಸಾದನಿಲಯ’ ಎಂಬ ಹೆಸರನ್ನು ತಮ್ಮ ನೆನಪುಗಳಲ್ಲಿಯೂ ಭಾಷಣಗಳಲ್ಲಿಯೂ ಹಾಗೆಯೇ ಉಳಿಸಿಕೊಳ್ಳಿರಿ. ‘ಹಾಸ್ಟೆಲ್’, ‘ಮೆಸ್’ ಎಂದರೆ ತಿಳಿಯುವುದಿಲ್ಲವೆಂದಲ್ಲ. ‘ಮೆಸ್ಸಿನಲ್ಲಿ ಉಂಡೆ’ ಎಂದರೆ ಹೊಟ್ಟೆಯ ಲೆಕ್ಕ ಮುಗಿಯುತ್ತದೆ. ‘ಪ್ರಸಾದನಿಲಯದಲ್ಲಿ ಬೆಳೆದೆ’ ಎಂದರೆ ಋಣದ ನೆನಪು ಉಳಿಯುತ್ತದೆ.

ಅಂದು ನಾನು ಹೊಡೆದುಹಾಕಿದ ಆ ಒಂದು ಶಬ್ದವನ್ನು ಬರೆದ ಬಾಲಕ ಇಂದು ಮಧ್ಯವಯಸ್ಕನಾಗಿರಬೇಕು. ಎಲ್ಲಿದ್ದಾನೆಂಬುದು ನನಗೆ ತಿಳಿಯದು. ಅವನ ಪುಸ್ತಕದ ಕೆಂಪು ಗೆರೆಯನ್ನು ಅಳಿಸಲು ಸಾಧ್ಯವಿಲ್ಲ. ಆದರೆ ಪಂಕ್ತಿಯಲ್ಲಿ ನಾಚಿ ತಲೆ ತಗ್ಗಿಸಿದ ಹುಡುಗನನ್ನು ಮರುದಿನ ತರಗತಿಯಲ್ಲಿ ಎಬ್ಬಿಸಿ, ‘ಬಾನ’ ಎಂಬ ಶಬ್ದವನ್ನು ಕರಿಹಲಗೆಯ ಮೇಲೆ ಅವನ ಕೈಯಿಂದಲೇ ಬರೆಯಿಸಿದೆನು. ಅದರ ಮುಂದೆ ‘ಬೋನ’, ‘ಭೋಜನ’ ಎಂದು ನಾನು ಬರೆದೆನು. ರೈಸ್ ಎಂದವನೇ ಮೊದಲು ಕೈ ಎತ್ತಿ, ‘ನಮ್ಮ ಮನ್ಯಾಗೂ ಅಜ್ಜಿ ಬಾನ ಅಂತಾಳ್ರೀ’ ಎಂದನು.